ಅಕ್ಕನ ಶಾಲೆಗೆ ದುಡ್ಡು ಕೇಳಿದ ಕಥೆ

ಆಫೀಸಿನಲ್ಲಿ ನನಗೊಂದು ಹೊಸ ಕೀಬೋರ್ಡ್ ಬೇಕಾದರೆ ಟಿಕೆಟ್ ಹಾಕ್ತೀನಿ. ಮ್ಯಾನೇಜರ್ ಒಂದು ಬಟನ್ ಒತ್ತುತ್ತಾರೆ, ಮೂರನೇ ದಿನ ಡೆಸ್ಕ್ ಮೇಲೆ ಕೀಬೋರ್ಡ್ ಇರುತ್ತೆ. ನನ್ನ ಅಕ್ಕನಿಗೆ ತರಗತಿಗೊಂದು ಭೂಪಟ ಬೇಕಾದರೆ ಅವಳು ತನ್ನ ಪರ್ಸ್ ತೆಗೀತಾಳೆ. ಇಬ್ಬರದ್ದೂ ನೌಕರಿಯೇ. ಆದರೆ ನನ್ನ ಕೆಲಸದ ಸಾಮಾನು ಕಂಪನಿಯ ಖರ್ಚು, ಅವಳ ಕೆಲಸದ ಸಾಮಾನು ಮನೆಯ ಖರ್ಚು.

ಅಕ್ಕ ಹಾವೇರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಟೀಚರ್. ಒಂದರಿಂದ ಏಳನೇ ತರಗತಿ, 64 ಮಕ್ಕಳು, ಮೂವರು ಶಿಕ್ಷಕರು. ಡಿ.ಇಡಿ ಮುಗಿಸಿ ಕೆಲಸಕ್ಕೆ ಸೇರಿ 12 ವರ್ಷವಾಯಿತು. ಮನೆಯ ಖರ್ಚನ್ನು ದಿನಾ ಬರೆದಿಡೋದು ಅವಳಿಗೆ ಅಪ್ಪನಿಂದ ಬಂದ ಅಭ್ಯಾಸ. ಹಾಲು, ಗ್ಯಾಸ್, ಮಗನ ಫೀಸು ಇವುಗಳ ಪಕ್ಕದಲ್ಲಿ 'ಶಾಲೆ' ಅಂತ ಒಂದು ಕಾಲಂ ಇದೆ. ಡ್ರಾಯಿಂಗ್ ಶೀಟ್, ಗೋಂದು, ಸ್ಕೆಚ್ ಪೆನ್, ಲ್ಯಾಮಿನೇಷನ್, ಒಂದು ಕಡೆ ಯಾವುದೋ ಹುಡುಗಿಯ ಕನ್ನಡಕದ ಫ್ರೇಮ್. ಹೋದ ವರ್ಷ ಊರಿಗೆ ಹೋದಾಗ ಆ ಕಾಲಮ್ಮನ್ನು ಸುಮ್ಮನೆ ಕೂಡಿಸಿ ನೋಡಿದೆ. ಒಂದು ಶೈಕ್ಷಣಿಕ ವರ್ಷಕ್ಕೆ 11,640 ರೂಪಾಯಿ.

"ಎಲ್ಲಾ ಟೀಚರ್ರೂ ಹಾಕ್ತಾರೋ. ಇದೇನ್ ದೊಡ್ಡ ಮಾತಲ್ಲ," ಅಂದಳು ಅಕ್ಕ.

ನನಗೆ ಕಾಡಿದ್ದು ಆ ಮೊತ್ತಕ್ಕಿಂತ ಈ ಮಾತು. ಎಲ್ಲರೂ ಹಾಕ್ತಾರೆ ಅನ್ನೋದು ನಿಜ ಇರಬಹುದು. ಹಾಗಾದರೆ ಇದಕ್ಕೆಂದೇ ಇಟ್ಟ ದುಡ್ಡು ಎಲ್ಲೂ ಇಲ್ಲವೇ? ನಾವು ಸಾಫ್ಟ್‌ವೇರ್‌ನವರು ಯಾವ ಸಂಕಟ ಬಂದರೂ ಮೊದಲು ತೆರೆಯೋದು ಒಂದು ಸ್ಪ್ರೆಡ್‌ಶೀಟ್. ಬಸ್ಸಿನಲ್ಲಿ ಬೆಂಗಳೂರಿಗೆ ವಾಪಸ್ ಬರುವಾಗಲೇ ಶುರು ಮಾಡಿದೆ. ಆಮೇಲಿನ ಮೂರು ತಿಂಗಳಲ್ಲಿ ಕಂಡದ್ದನ್ನು ಇಲ್ಲಿ ಬರೀತಿದ್ದೀನಿ. ನಿಮ್ಮ ಮನೆಯಲ್ಲೂ ಒಬ್ಬ ಟೀಚರ್ ಇರಬಹುದು.

ಮೊದಲು, ದುಡ್ಡು ಯಾತಕ್ಕೆ ಅನ್ನೋದನ್ನು ಹೇಳಿಬಿಡ್ತೀನಿ. ಅಕ್ಕನ ಶಾಲೆಯಲ್ಲಿ ಮಕ್ಕಳು ಮಳೆ ಅಳೀತಾರೆ. ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕತ್ತರಿಸಿ, ಅದನ್ನೇ ತಲೆಕೆಳಗು ಮಾಡಿ ಆಲಿಕೆಯಂತೆ ಕೂರಿಸಿ, ತಳದ ಉಬ್ಬುತಗ್ಗು ಮುಚ್ಚೋ ಹಾಗೆ ಸಣ್ಣ ಕಲ್ಲು ತುಂಬಿ, ಅದರ ಮೇಲೆ ನೀರು ಹಾಕಿ ಸೊನ್ನೆಯ ಗೆರೆ ಎಳೆದು, ಹೊರಗೆ ಸ್ಕೇಲ್ ಅಂಟಿಸಿದರೆ ಮಳೆಮಾಪಕ ರೆಡಿ. ದಿನಾ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಇಬ್ಬರು ಮಕ್ಕಳು ಹೋಗಿ ಓದಿಕೊಂಡು ಬಂದು ಗೋಡೆಯ ಮೇಲಿನ ಪಟ್ಟಿಯಲ್ಲಿ ಬರೀತಾರೆ.

ಬರೀ ಮಿಲಿಮೀಟರ್ ಬರೆದರೆ ಅದು ವಿಜ್ಞಾನದ ಪಾಠ ಆಗಿ ಅಲ್ಲಿಗೇ ಮುಗೀತಿತ್ತು. ಅಕ್ಕ ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಿಸಿದ್ದಾಳೆ. ಇವತ್ತು ಯಾವ ಮಳೆ? ರೋಹಿಣಿಯೋ, ಮೃಗಶಿರವೋ, ಆರಿದ್ರವೋ? ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವ ಕಾಲಕ್ಕೆ ನಮ್ಮ ರೈತರು ಆ ನಕ್ಷತ್ರದ ಮಳೆ ಅಂತಾರೆ. 27 ನಕ್ಷತ್ರ, 365 ದಿನ. ಒಂದಕ್ಕೆ ಎಷ್ಟು ದಿನ ಬಂತು? ಅದು ಐದನೇ ತರಗತಿಯ ಭಾಗಾಕಾರ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತಾರಲ್ಲ, ಹಾಗೆ ಒಂದೊಂದು ಮಳೆಗೂ ಅಜ್ಜ ಅಜ್ಜಿ ಏನು ಗಾದೆ ಹೇಳ್ತಾರೆ? ಮನೆಗೆ ಹೋಗಿ ಕೇಳಿ ಬರ್ಕೊಂಡು ಬರಬೇಕು. ಅದು ಕನ್ನಡ ಪಾಠ. ಗಾದೆ ಹೇಳಿದಂತೆ ಮಳೆ ಬಂತಾ? ಪಟ್ಟಿ ನೋಡಿ ಹೇಳಬೇಕು. ಇದಕ್ಕೆ ಯಾವ ವಿಷಯ ಅಂತ ಹೆಸರಿಡೋದು ನನಗೆ ಗೊತ್ತಾಗಲಿಲ್ಲ.

ಮೂರು ವರ್ಷದಿಂದ ಇದು ನಡೀತಿದೆ. ಬಾಟಲಿ ಬಿಸಿಲಿಗೆ ಸೊಟ್ಟಗಾಗುತ್ತೆ, ಕೋತಿ ಎತ್ಕೊಂಡು ಹೋಗುತ್ತೆ. ಅವಳಿಗೆ ಬೇಕಿದ್ದದ್ದು ಗಟ್ಟಿಯಾದ ಎರಡು ಮಳೆಮಾಪಕ (5,200 ರೂಪಾಯಿ), ಗರಿಷ್ಠ-ಕನಿಷ್ಠ ಉಷ್ಣಮಾಪಕ (1,800), ಒಂದು ಪ್ರಿಂಟರ್ (14,400), ಕಾಗದ, ಬಣ್ಣ ಮತ್ತು ಬೋರ್ಡು (5,000), ಮಕ್ಕಳು ಸೇರಿಸಿದ ಗಾದೆ ಮತ್ತು ಲೆಕ್ಕಗಳ ಪುಸ್ತಕ 150 ಪ್ರತಿ ಅಚ್ಚು ಹಾಕಿಸೋದು (12,000). ಒಟ್ಟು 38,400. ನಮ್ಮ ಆಫೀಸಿನಲ್ಲಿ ಒಂದು ಟೀಮ್ ಔಟಿಂಗ್ ಖರ್ಚು.

ನನ್ನ ಸ್ಪ್ರೆಡ್‌ಶೀಟ್‌ನಲ್ಲಿ ಮೂರು ಟ್ಯಾಬ್ ಆದವು.

ಮೊದಲನೆಯದು, ಶಾಲೆಗೆ ಹಕ್ಕಿನಿಂದ ಬರೋ ದುಡ್ಡು. ಕೇಂದ್ರ ಸರ್ಕಾರ 2018ರಲ್ಲಿ ಶುರು ಮಾಡಿದ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಪ್ರತಿ ಸರ್ಕಾರಿ ಶಾಲೆಗೂ ಮಕ್ಕಳ ಸಂಖ್ಯೆಯ ಮೇಲೆ ವಾರ್ಷಿಕ ಅನುದಾನ ಇದೆ. 31ರಿಂದ 100 ಮಕ್ಕಳಿದ್ದರೆ 25,000 ರೂಪಾಯಿ, 250ರವರೆಗೆ 50,000. ಸಾವಿರ ದಾಟಿದರೆ ಒಂದು ಲಕ್ಷ. ಗ್ರಂಥಾಲಯಕ್ಕೆ ಬೇರೆ ಅನುದಾನ ಇದೆ, ಶಾಲೆಯ ಹಂತ ನೋಡಿ 5,000ದಿಂದ 20,000ದವರೆಗೆ. ಅಕ್ಕನ ಶಾಲೆಗೆ ಸಿಗೋದು 25,000ದ ಸಾಲು. ಅದರಲ್ಲೇ ಕನಿಷ್ಠ ಹತ್ತನೇ ಒಂದು ಭಾಗ ಸ್ವಚ್ಛತೆಗೆ ಹೋಗಬೇಕು. ಉಳಿದದ್ದು ಕರೆಂಟು, ಚಾಕ್, ರಿಜಿಸ್ಟರು, ಮುರಿದ ಬಾಗಿಲು, ಸೋರೋ ಹೆಂಚು. ಮಳೆ ಒಳಗೆ ಬರದ ಹಾಗೆ ನೋಡಿಕೊಳ್ಳೋದರಲ್ಲೇ ದುಡ್ಡು ಮುಗಿಯುತ್ತೆ, ಹೊರಗಿನ ಮಳೆ ಅಳೆಯೋಕೆ ಉಳಿಯೋದಿಲ್ಲ.

ಎರಡನೆಯದು, ಟೀಚರಿಗೆ ಬರೋ ಪ್ರಶಸ್ತಿ. ಸೆಪ್ಟೆಂಬರ್ 5ಕ್ಕೆ ರಾಷ್ಟ್ರಪತಿಗಳು ಕೊಡೋ ರಾಷ್ಟ್ರೀಯ ಶಿಕ್ಷಕರ ಪ್ರಶಸ್ತಿ ಎಲ್ಲರಿಗೂ ಗೊತ್ತು. 1958ರಿಂದ ಇದೆ. ಬೆಳ್ಳಿ ಪದಕ, ಪ್ರಮಾಣಪತ್ರ, 50,000 ರೂಪಾಯಿ. ಎಷ್ಟೋ ಜನಕ್ಕೆ ಗೊತ್ತಿಲ್ಲದ್ದು ಏನೆಂದರೆ 2018ರಿಂದ ಇದಕ್ಕೆ ಟೀಚರ್ ತಾವೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಅರ್ಜಿ ಮೊದಲು ಜಿಲ್ಲಾ ಸಮಿತಿ, ಆಮೇಲೆ ರಾಜ್ಯ ಸಮಿತಿ, ಕೊನೆಗೆ ರಾಷ್ಟ್ರ ಮಟ್ಟದ ತೀರ್ಪುಗಾರರ ಮುಂದೆ ಹೋಗುತ್ತೆ. ಗುತ್ತಿಗೆ ಶಿಕ್ಷಕರಿಗೆ ಅವಕಾಶ ಇಲ್ಲ, ಖಾಸಗಿ ಟ್ಯೂಷನ್ ಮಾಡೋರಿಗೂ ಇಲ್ಲ. ರಾಜ್ಯ ಸರ್ಕಾರದ ಉತ್ತಮ ಶಿಕ್ಷಕ ಪ್ರಶಸ್ತಿ ಬೇರೆ ಇದೆ.

ಮೂರನೆಯದು, ಒಂದು ನಿರ್ದಿಷ್ಟ ಕೆಲಸಕ್ಕೆ ಸಿಗೋ ದುಡ್ಡು. ಇಲ್ಲಿ ದಾರಿ ಹಲವು. ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಇನ್‌ಸ್ಪೈರ್-ಮಾನಕ್‌ನಲ್ಲಿ ಶಾಲೆ ಮಕ್ಕಳ ಐದು ಹೊಸ ಐಡಿಯಾ ಕಳಿಸಬಹುದು. ಆಯ್ಕೆಯಾದ ಮಗುವಿನ ಬ್ಯಾಂಕ್ ಖಾತೆಗೆ ಮಾದರಿ ಮಾಡೋಕೆ 10,000 ರೂಪಾಯಿ ಬರುತ್ತೆ. ಆರನೇ ತರಗತಿಯಿಂದ ಅವಕಾಶ ಇರೋದರಿಂದ ಹಿರಿಯ ಪ್ರಾಥಮಿಕ ಶಾಲೆಗಳೂ ಕಳಿಸಬಹುದು. ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್ ಎಂದರೆ 20 ಲಕ್ಷ, ಆದರೆ 1,500 ಚದರಡಿ ಜಾಗ ತೋರಿಸಬೇಕು. ಅಕ್ಕನ ಶಾಲೆಯಲ್ಲಿ ಅಷ್ಟು ಜಾಗ ಇರೋದು ಆಟದ ಮೈದಾನದಲ್ಲಿ ಮಾತ್ರ. ಬೆಂಗಳೂರಿನ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್ ಸಂಸ್ಥೆಯ 'ಕಲಿ-ಕಲಿಸು' ಕಾರ್ಯಕ್ರಮ ಕರ್ನಾಟಕದ ಸರ್ಕಾರಿ ಶಾಲಾ ಶಿಕ್ಷಕರಿಗೇ ಅನುದಾನ ಕೊಡುತ್ತೆ. ಊರಿನ ಕಲೆ, ಕಸುಬು, ಸಂಸ್ಕೃತಿಯನ್ನು ತರಗತಿಯ ಪಾಠಕ್ಕೆ ಜೋಡಿಸೋ ಯೋಜನೆಗಳಿಗೆ ಅದು. ಪ್ರಸ್ತಾವನೆಯನ್ನು ಕನ್ನಡದಲ್ಲೇ ಬರೆದು ಕಳಿಸಬಹುದು ಅಂತ ಓದಿದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಇನ್ನು ಕಂಪನಿಗಳ ದುಡ್ಡು. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಶಿಕ್ಷಣವೂ ಆ ಪಟ್ಟಿಯಲ್ಲಿದೆ. ಹಾಗೇ ಕೇಂದ್ರ ಶಿಕ್ಷಣ ಸಚಿವಾಲಯದ ವಿದ್ಯಾಂಜಲಿ ಪೋರ್ಟಲ್ ಇದೆ. ಶಾಲೆ ತನ್ನ 11 ಅಂಕಿಯ ಯುಡೈಸ್ ಕೋಡ್‌ನಿಂದ ನೋಂದಾಯಿಸಿಕೊಂಡು ಏನು ಬೇಕು ಅಂತ ಹಾಕಿದರೆ, ನಾವು ನೀವು ವಸ್ತುವನ್ನೋ ಸಮಯವನ್ನೋ ಕೊಡಬಹುದು.

ಇಷ್ಟೆಲ್ಲ ಬಣ್ಣಬಣ್ಣದ ಸಾಲು ಮಾಡಿ ಅಕ್ಕನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. ಅವಳು ನೋಡಿದಳು. ಆಮೇಲೆ ಕೇಳಿದಳು, "ಇದನ್ನೆಲ್ಲ ತುಂಬೋರು ಯಾರು?"

ಸರಿಯಾದ ಪ್ರಶ್ನೆ. ಮೂವರು ಶಿಕ್ಷಕರು ಏಳು ತರಗತಿ ನೋಡಿಕೊಳ್ಳಬೇಕು. ಅದರ ಮೇಲೆ ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಸ್ಯಾಟ್ಸ್‌ನಲ್ಲಿ ಹಾಜರಿ, ಸಮೀಕ್ಷೆ, ಚುನಾವಣೆ ಬಂದರೆ ಆ ಡ್ಯೂಟಿ. ಸಂಜೆ ಮನೆಗೆ ಹೋಗಿ ರೊಟ್ಟಿ ಬಡಿದು, ಮಗನ ಹೋಂವರ್ಕ್ ನೋಡಿ, ಆಮೇಲೆ ಇಂಗ್ಲಿಷಿನಲ್ಲಿ 500 ಪದ ಮೀರದಂತೆ ತನ್ನ ಯೋಜನೆಯ 'ಪರಿಣಾಮ' ಬರೆದು, 2 ಎಂಬಿ ಒಳಗಿನ ಪಿಡಿಎಫ್ ಮಾಡಿ, ಒಟಿಪಿ ಬರೋವರೆಗೆ ಅಂಗಳದಲ್ಲಿ ನೆಟ್‌ವರ್ಕ್ ಹುಡುಕ್ತಾ ನಿಲ್ಲಬೇಕು. ಅಮೆರಿಕದಲ್ಲಿ ಡೋನರ್ಸ್‌ಚೂಸ್ ಅಂತ ಒಂದು ವೆಬ್‌ಸೈಟ್ ಇದೆ, 2000ನೇ ಇಸವಿಯಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನ ಒಬ್ಬ ಶಾಲಾ ಶಿಕ್ಷಕರೇ ಶುರು ಮಾಡಿದ್ದು. ಟೀಚರ್ ತನಗೆ ಬೇಕಾದ್ದನ್ನು ಬರೀತಾರೆ, ದಾನಿಗಳು ದುಡ್ಡು ಹಾಕ್ತಾರೆ, ಸಂಸ್ಥೆ ಸಾಮಾನನ್ನೇ ಖರೀದಿಸಿ ಶಾಲೆಗೆ ಕಳಿಸುತ್ತೆ. ಅದನ್ನು ಕಟ್ಟಿದವರಿಗೆ ಟೀಚರ್ ಹತ್ತಿರ ಸಮಯ ಇರೋದಿಲ್ಲ ಅನ್ನೋದು ಒಳಗಿನಿಂದ ಗೊತ್ತಿತ್ತು. ನಾನು ನೋಡಿದ ಎಷ್ಟೋ ಫಾರ್ಮ್‌ಗಳು ಟೀಚರ್ ಬಳಿ ಒಬ್ಬ ಗುಮಾಸ್ತ ಇದ್ದಾರೆ ಅಂದುಕೊಂಡು ಮಾಡಿದಂತೆ ಇದ್ದವು.

"ತುಂಬೋದು ನಾನು. ನೀನು ಹೇಳ್ತಾ ಹೋಗು ಸಾಕು," ಅಂದೆ.

ಆದರೆ ಸಮಯ ಒಂದೇ ತೊಡಕಾಗಿರಲಿಲ್ಲ. ಪ್ರಶಸ್ತಿಯ ಟ್ಯಾಬ್ ತೆಗೆದ ಕೂಡಲೇ ಅಕ್ಕ ಮುಖ ತಿರುಗಿಸಿದಳು. "ಅಲ್ಲೋ, ನಾನು ಚಲೋ ಕಲಸ್ತೀನಿ ಅಂತ ನಾನ ಬರಕೊಂಡು ಕಳಸಬೇಕೇನು? ನಾಚ್ಕಿ ಬರ್ತೈತಿ. ಪ್ರಶಸ್ತಿ ಅಂದ್ರ ಮಂದಿ ಕರದು ಕೊಡಬೇಕು."

ನಾನು ವಾದ ಮಾಡಿದೆ. ಪ್ರತಿ ವರ್ಷ ಅಪ್ರೈಸಲ್ ಸಮಯದಲ್ಲಿ ನಾನು ಎಂಥ ಅದ್ಭುತ ಕೆಲಸಗಾರ ಅಂತ ನಾನೇ ನಾಲ್ಕು ಪುಟ ಬರೀತೀನಿ, ನಾಚಿಕೆ ಪಟ್ಟರೆ ಇನ್‌ಕ್ರಿಮೆಂಟ್ ಹೋಗುತ್ತೆ ಅಂದೆ. ಮೊದಲಿನ ಪದ್ಧತಿಯಲ್ಲಿ ಯಾರೋ ಹೆಸರು ಸೂಚಿಸಬೇಕಿತ್ತು, ಮೇಲಿನವರಿಗೆ ಗೊತ್ತಿದ್ದವರ ಹೆಸರೇ ಮೇಲೆ ಹೋಗೋ ಸಾಧ್ಯತೆ ಹೆಚ್ಚು, ಈಗ ಮೂಲೆಯ ಶಾಲೆಯವರೂ ಬಾಗಿಲು ತಟ್ಟಬಹುದು ಅಂದೆ. ಎರಡೂ ಅವಳಿಗೆ ನಾಟಲಿಲ್ಲ.

ಆಗ ರಣಜಿತ್‌ಸಿಂಹ ಡಿಸಳೆ ಅವರ ವಿಷಯ ಹೇಳಿದೆ. ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಯಲ್ಲಿ ಶಿಕ್ಷಕರಾಗಿದ್ದವರು. ಪಠ್ಯಪುಸ್ತಕಕ್ಕೆ ಕ್ಯೂಆರ್ ಕೋಡ್ ಜೋಡಿಸಿ ಪಾಠ, ಕಥೆ, ವಿಡಿಯೋ ಮಕ್ಕಳ ಫೋನಿಗೆ ತಲುಪಿಸಿದವರು. 2020ರಲ್ಲಿ ವಾರ್ಕಿ ಫೌಂಡೇಷನ್‌ನ ಗ್ಲೋಬಲ್ ಟೀಚರ್ ಪ್ರೈಜ್ ಗೆದ್ದರು, ಬಹುಮಾನ ಹತ್ತು ಲಕ್ಷ ಡಾಲರ್. ಗೆದ್ದ ಕೂಡಲೇ ಅದರಲ್ಲಿ ಅರ್ಧವನ್ನು ಅಂತಿಮ ಸುತ್ತಿನಲ್ಲಿದ್ದ ಉಳಿದ ಒಂಬತ್ತು ಜನಕ್ಕೆ ಹಂಚಿದರು. ನಮ್ಮ ಗಡಿಯಾಚೆಯ ಆ ಊರಿನ ಮಕ್ಕಳ ಮನೆಮಾತು ಕನ್ನಡ, ಪುಸ್ತಕದ ಭಾಷೆ ಬೇರೆ. ಹಾಗಾಗಿ ಡಿಸಳೆ ಕನ್ನಡ ಕಲಿತು, ಒಂದರಿಂದ ನಾಲ್ಕನೇ ತರಗತಿಯ ಪುಸ್ತಕಗಳನ್ನು ಮಕ್ಕಳಿಗೆ ತಿಳಿಯೋ ಹಾಗೆ ಮಾಡಿಕೊಂಡರು.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಡಾಲರ್ ಬಗ್ಗೆ ಕೇಳ್ತಾಳೆ ಅಂದುಕೊಂಡೆ. "ಮಕ್ಕಳ ಸಲುವಾಗಿ ಕನ್ನಡ ಕಲತ್ರಾ?" ಅಂದಳು. ಆಮೇಲೆ, "ಪ್ರಶಸ್ತಿ ಬ್ಯಾಡ. ಮಳಿ ಕೆಲಸಕ್ಕ ಬರಿ," ಅಂದಳು.

ಹೀಗೆ ಶುರುವಾಯಿತು. ಭಾನುವಾರ ಸಂಜೆ ಒಂದೊಂದು ಗಂಟೆ ಫೋನ್. ಅವಳು ಹೇಳೋದು, ನಾನು ಟೈಪ್ ಮಾಡೋದು. ಮೊದಲ ದಿನ ಅವಳು ಹೇಳಿದ್ದು ಇಷ್ಟೇ: "ಮಕ್ಕಳು ಮಳಿ ಅಳೀತಾರ, ಗಾದಿ ಬರೀತಾರ. ಏನೈತಿ ಅದರಾಗ." ಈ 'ಏನೈತಿ ಅದರಾಗ' ಅನ್ನೋದನ್ನು ದಾಟಿ ಒಳಗೆ ಹೋಗೋಕೆ ಮೂರು ಭಾನುವಾರ ಬೇಕಾಯಿತು. ನಾನು ಬಗ್ ಹುಡುಕೋ ರೀತಿಯಲ್ಲೇ ಕೇಳ್ತಾ ಹೋದೆ. ಮೊದಲು ಏನಿತ್ತು? ನೀನು ಏನು ಬದಲಾಯಿಸಿದೆ? ಆಮೇಲೆ ಏನಾಯಿತು? ನಿನಗೆ ಹೇಗೆ ಗೊತ್ತು?

ಕೊನೆಯ ಪ್ರಶ್ನೆಗೆ ಅವಳ ಹತ್ತಿರ ಉತ್ತರ ಇತ್ತು, ಯಾರೂ ಕೇಳಿರಲಿಲ್ಲ ಅಷ್ಟೇ. ದಶಮಾಂಶ ಅಂದರೆ ತಲೆ ತಗ್ಗಿಸ್ತಿದ್ದ ಐದನೇ ತರಗತಿ ಹುಡುಗ ಬಾಟಲಿ ನೋಡಿ "ಹನ್ನೆರಡೂವರೆ, ಅಂದ್ರ ಹನ್ನೆರಡು ಪಾಯಿಂಟ್ ಐದು" ಅಂದದ್ದು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು ಅಂತ ಹೇಳಿಕೊಟ್ಟ ಮೇಲೆ, ಏಳನೇ ತರಗತಿಯವರು ಶಾಲೆಯ ಛಾವಣಿ ಅಳೆದು 60 ಚದರ ಮೀಟರ್ ಅಂತ ಕಂಡುಹಿಡಿದದ್ದು, 20 ಮಿಲಿಮೀಟರ್ ಬಿದ್ದ ದಿನ 1,200 ಲೀಟರ್ ನೀರು ಹರಿದು ಚರಂಡಿಗೆ ಹೋಯ್ತು ಅಂತ ಲೆಕ್ಕ ಹಾಕಿ ಹೆಡ್‌ಮಾಸ್ಟರ್ ಮುಂದೆ ಇಟ್ಟದ್ದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದೆಯಲ್ಲ, ಅದರ ಅಂಕಿ ನೋಡಿ "ನಮ್ಮೂರಾಗ ಬಿದ್ದಿಲ್ಲ, ಅಲ್ಲಿ ಬಿದ್ದೈತಿ" ಅಂತ ಹುಡುಗಿಯೊಬ್ಬಳು ವಾದ ಮಾಡಿದ್ದು. ಇವೆಲ್ಲ ಅಕ್ಕನ ದಿನಚರಿ ಪುಸ್ತಕದಲ್ಲಿ ತಾರೀಖಿನ ಸಮೇತ ಇದ್ದವು. ಅವಳ ಪ್ರಕಾರ ಅದು ಪಾಠದ ಟಿಪ್ಪಣಿ. ಅರ್ಜಿಯ ಭಾಷೆಯಲ್ಲಿ ಅದಕ್ಕೆ ಪುರಾವೆ ಅಂತಾರೆ.

ನನಗೆ ತಿಳಿದದ್ದು ಇದು. ಟೀಚರ್ ಮತ್ತು ಅನುದಾನದ ನಡುವೆ ಇರೋ ಗೋಡೆ ಇಂಗ್ಲಿಷಿಗಿಂತ ಹೆಚ್ಚಾಗಿ, ತನ್ನ ಕೆಲಸವನ್ನು ಹೊರಗಿನವರ ಕಣ್ಣಿನಿಂದ ನೋಡಿ ಹೇಳೋ ಅಭ್ಯಾಸದ್ದು. ಆ ಅಭ್ಯಾಸಕ್ಕೇ ನಮಗೆ ಕಂಪನಿಗಳು ಸಂಬಳ ಕೊಡ್ತಾವೆ. ಸ್ಟೇಟಸ್ ಅಪ್‌ಡೇಟ್, ಡೆಮೊ, ಸ್ಲೈಡು. ನಮ್ಮ ಅರ್ಧ ನೌಕರಿ ಅದೇ. ಟೀಚರ್ ಕೆಲಸದಲ್ಲಿ ಅದಕ್ಕೆ ಜಾಗವೇ ಇಲ್ಲ. ಹಾಗಾಗಿ ದುಡ್ಡು ಚೆನ್ನಾಗಿ ಕಲಿಸೋರಿಗಿಂತ ಚೆನ್ನಾಗಿ ಬರೆಯೋರಿಗೆ ಹೋಗೋ ಸಾಧ್ಯತೆ ಯಾವಾಗಲೂ ಇರುತ್ತೆ. ನಗರದ ಶಾಲೆಯಲ್ಲಿ ಬರೆಯೋಕೆ ಒಬ್ಬರು ಇರ್ತಾರೆ. ಹಳ್ಳಿಯಲ್ಲಿ ಇರೋದಿಲ್ಲ.

ಒಂದು ಫಾರ್ಮ್‌ನಲ್ಲಿ 'ಫಲಾನುಭವಿ ಮಕ್ಕಳ ಆರ್ಥಿಕ ಹಿನ್ನೆಲೆ' ಅಂತ ಒಂದು ದೊಡ್ಡ ಬಾಕ್ಸ್ ಇತ್ತು. ಕೆಳಗೆ, ಅವರ ಕಷ್ಟವನ್ನು ತೋರಿಸುವ ಐದು ಫೋಟೋ ಹಾಕಿ ಅಂತ ಸೂಚನೆ. ಅಕ್ಕನಿಗೆ ಓದಿ ಹೇಳಿದೆ. ಫೋನಿನ ಆ ಕಡೆಯಿಂದ ಬಂದ ದನಿ ನಾನು ಚಿಕ್ಕವನಿದ್ದಾಗ ಸುಳ್ಳು ಹೇಳಿ ಸಿಕ್ಕಿಬಿದ್ದಾಗ ಕೇಳಿದ ದನಿ.

"ನಮ್ಮ ಹುಡುಗರನ್ನ ಪಾಪ ಅಂತ ಬರೀಬ್ಯಾಡ. ಹರಕ ಅಂಗಿ ಫೋಟೋ ನಾ ತಗ್ಯಾಂಗಿಲ್ಲ. ನಾಳೆ ಆ ಹುಡುಗ ದೊಡ್ಡಾಂವ ಆಗಿ ಅದನ್ನ ನೋಡಿದ್ರ? ಅವರು ಮೂರು ವರ್ಷ ಮಳಿ ಅಳದಾರ. ಅದನ್ನ ಬರಿ. ಅದಕ್ಕ ಕೊಡೂದಾದ್ರ ಕೊಡ್ಲಿ."

ಆ ಅರ್ಜಿ ಅಲ್ಲಿಗೇ ಬಿಟ್ಟೆವು. ಮೊತ್ತದಲ್ಲಿ ಎಲ್ಲಕ್ಕಿಂತ ದೊಡ್ಡದು ಅದೇ ಆಗಿತ್ತು. ಉಳಿದ ಅರ್ಜಿಗಳಲ್ಲಿ ಮೊದಲ ಸಾಲು ಹೀಗೆ ಬಂತು: 'ನಮ್ಮ ಶಾಲೆಯ 64 ಮಕ್ಕಳ ಬಳಿ ಈ ಊರಿನ ಮೂರು ವರ್ಷದ ಮಳೆಯ ದಾಖಲೆ ಇದೆ.' ಬಡತನದ ಬಗ್ಗೆ ಒಂದು ಪದವೂ ಇಲ್ಲ. ಫೋಟೋಗಳಲ್ಲಿ ಗೋಡೆಯ ಪಟ್ಟಿ, ಮಕ್ಕಳ ಕೈಬರಹ, ಬಾಟಲಿ. ಮುಖ ಇರೋ ಫೋಟೋ ಒಂದೇ, ಅದಕ್ಕೂ ಪಾಲಕರ ಒಪ್ಪಿಗೆ ಸಹಿ ತಗೊಂಡಳು.

ಇನ್ನೊಂದು ಕಡೆಯವರು ಫೋನಿನಲ್ಲಿ ಮಾತಾಡಿ, ಐಡಿಯಾ ಚೆನ್ನಾಗಿದೆ, ಇದನ್ನೊಂದು ಆ್ಯಪ್ ಮಾಡಿದರೆ ನೋಡಬಹುದು ಅಂದರು. ಆ್ಯಪ್ ಮಾಡೋದೇ ನನ್ನ ಹೊಟ್ಟೆಪಾಡು, ಎರಡು ವಾರದಲ್ಲಿ ಮಾಡಿಕೊಡ್ತಿದ್ದೆ. ಅಕ್ಕ ಕೇಳಿದಳು, "ಆ್ಯಪಿನಾಗ ಅಜ್ಜಿ ಬರ್ತಾಳೇನು?" ಮಗು ಮನೆಗೆ ಹೋಗಿ ಅಜ್ಜಿಯ ಹತ್ತಿರ ಕೂತು ಕೇಳೋದೇ ಪಾಠ, ಫೋನ್ ಒತ್ತೋದು ಅಲ್ಲ. ಬೇಡ ಅಂತ ನಮ್ರವಾಗಿ ಬರೆದು ಕಳಿಸಿದೆವು. ದುಡ್ಡು ಕೊಡೋರ ಫಾರ್ಮ್‌ಗೆ ತಕ್ಕ ಹಾಗೆ ಪಾಠ ಬದಲಾಗೋಕೆ ಶುರುವಾದರೆ, ಅನುದಾನ ಸಿಕ್ಕಿಯೂ ತರಗತಿ ಕಳ್ಕೊಂಡ ಹಾಗೆ.

ಫಲಿತಾಂಶ ಹೇಳ್ತೀನಿ. ಒಟ್ಟು ಮೂರು ಕಡೆ ಕಳಿಸಿದ್ದೆವು. ಒಂದರಿಂದ ಉತ್ತರವೇ ಬರಲಿಲ್ಲ. ಇನ್ನೊಂದು ಕಂಪನಿಯವರು, ನಾವು ನೋಂದಾಯಿತ ಸಂಸ್ಥೆಗಳ ಮೂಲಕ ಮಾತ್ರ ಕೊಡ್ತೀವಿ, ಶಾಲೆಗೆ ನೇರ ಕೊಡೋದಿಲ್ಲ ಅಂದರು. ಮೂರನೆಯದು ಒಂದು ಸಣ್ಣ ಟ್ರಸ್ಟ್. ಅವರು ಎರಡು ಪ್ರಶ್ನೆ ಕೇಳಿದರು, ಎರಡೂ ಮಳೆಯ ಬಗ್ಗೆ. ಆಮೇಲೆ ಪುಸ್ತಕದ ಅಚ್ಚು ಬಿಟ್ಟು ಉಳಿದದ್ದಕ್ಕೆಲ್ಲ ಒಪ್ಪಿದರು. 26,400 ರೂಪಾಯಿಯ ಸಾಮಾನು.

ಅಚ್ಚಿನ 12,000 ಎಲ್ಲಿಂದ? ಸಾಮಾನು ತಗೊಳ್ಳೋಕೆ ಎಸ್‌ಡಿಎಂಸಿ ಠರಾವು ಬೇಕಿತ್ತು, ಅದಕ್ಕೆ ಸಭೆ ಕರೆದರು. ಅಲ್ಲಿ ಅಕ್ಕ ನಾವು ಬರೆದ ಎರಡು ಪುಟದ ಕನ್ನಡ ಪ್ರಸ್ತಾವನೆಯನ್ನು ಓದಿದಳಂತೆ. ಮುಗಿದ ಮೇಲೆ ಒಬ್ಬ ರೈತ ಸದಸ್ಯರು, "ಹಂಗಾದ್ರ ಹ್ವಾದ ವರ್ಷ ಮಿರಗದಾಗ ಎಷ್ಟ ಬಿತ್ತು?" ಅಂತ ಕೇಳಿದರು. ಮಿರಗ ಅಂದರೆ ಮೃಗಶಿರ, ಬಿತ್ತನೆಯ ಮಳೆ. ಆರನೇ ತರಗತಿಯ ಹುಡುಗಿ ಎದ್ದು ಹೋಗಿ ಗೋಡೆ ನೋಡಿ ಬಂದು ಸಂಖ್ಯೆ ಹೇಳಿದಳು. ಅದರ ಹಿಂದಿನ ವರ್ಷದ್ದು? ಅದನ್ನೂ ಹೇಳಿದಳು. ಅಕ್ಕ ಹೇಳೋ ಪ್ರಕಾರ ಆಮೇಲೆ ಸಭೆಯ ದನಿಯೇ ಬದಲಾಯಿತು. ಮಕ್ಕಳ ಹತ್ತಿರ ಊರಿಗೆ ಬೇಕಾದ ಏನೋ ಇದೆ ಅಂತ ದೊಡ್ಡವರಿಗೆ ಗೊತ್ತಾಯಿತು. ಆ ವಾರವೇ ಹಳೆ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಆ ಎರಡು ಪುಟ ಹರಿದಾಡಿ, ಎಸ್‌ಡಿಎಂಸಿ ಖಾತೆಗೆ 500, 1,000 ಅಂತ ಬಂದು 12,000 ಸೇರಿತು. ಬೆಂಗಳೂರಿಗೆ ಬರೆದ ಅರ್ಜಿಯನ್ನು ಮೊದಲು ಓದಬೇಕಾಗಿದ್ದವರು ಊರಿನವರೇ ಆಗಿದ್ದರು.

ಇದನ್ನೆಲ್ಲ ಓದಿ ನಿಮ್ಮ ಅಮ್ಮನಿಗೋ ತಂಗಿಗೋ ಹಳೆಯ ಮೇಷ್ಟ್ರಿಗೋ ಸಹಾಯ ಮಾಡೋಣ ಅನಿಸಿದರೆ, ನನ್ನ ಅನುಭವದಲ್ಲಿ ಕೆಲಸಕ್ಕೆ ಬಂದ ಕೆಲವು ಮಾತು. ಮೊದಲು ಕನ್ನಡದಲ್ಲಿ, ಅವರ ಮಾತಲ್ಲೇ ಎರಡು ಪುಟ ಬರೆಸಿ. ಇಂಗ್ಲಿಷ್ ಆಮೇಲೆ. ಬಜೆಟ್‌ಗೆ ಅಂಗಡಿಯಿಂದ ಜಿಎಸ್‌ಟಿ ಸೇರಿದ ಕೊಟೇಷನ್ ತಗೊಳ್ಳಿ, ಅಂದಾಜು ಬೇಡ. ಪ್ರಶಸ್ತಿಯ ದುಡ್ಡು ಟೀಚರದ್ದು, ಆದರೆ ಯೋಜನೆಯ ದುಡ್ಡು ಎಂದಿಗೂ ಟೀಚರ್ ಸ್ವಂತ ಖಾತೆಗೆ ಬರಬಾರದು. ಎಸ್‌ಡಿಎಂಸಿ ಖಾತೆಗೆ, ಠರಾವಿನೊಂದಿಗೆ ಬರಲಿ. ಇಲ್ಲವಾದರೆ ಸಾಮಾನಿನ ರೂಪದಲ್ಲೇ ಬರಲಿ, ಅದು ಬಂದದ್ದು ಶಾಲೆಯ ದಾಸ್ತಾನು ಪುಸ್ತಕದಲ್ಲಿ ಏರಲಿ. ಶಾಲೆ ವಿದ್ಯಾಂಜಲಿಯಲ್ಲಿ ಇದೆಯಾ ಅಂತ ಹೆಡ್‌ಮಾಸ್ಟರನ್ನು ಕೇಳಿ. ಕೆಲಸ ಮುಗಿದ ಮೇಲೆ ಖರ್ಚಿನ ಲೆಕ್ಕ ಮತ್ತು ಒಂದು ಪುಟದ ವರದಿ ಕೇಳೋ ಮೊದಲೇ ಕಳಿಸಿ. ಎರಡನೇ ಸಲ ಕೇಳೋಕೆ ಅದೇ ದಾರಿ. ನಿಮ್ಮ ಕಂಪನಿಯಲ್ಲಿ ಉದ್ಯೋಗಿ ಕೊಟ್ಟಷ್ಟನ್ನೇ ಕಂಪನಿಯೂ ಸೇರಿಸೋ ಪದ್ಧತಿ ಇದೆಯಾ ಅಂತ ಎಚ್‌ಆರ್‌ಗೆ ಒಂದು ಮೇಲ್ ಹಾಕಿ. ಎಲ್ಲಕ್ಕಿಂತ ಮುಖ್ಯ, ದುಡ್ಡು ಕಳಿಸೋಕಿಂತ ಮೊದಲು ನಾಲ್ಕು ಭಾನುವಾರ ಕೊಡಿ.

ಅಕ್ಕ ಈ ವರ್ಷವೂ ಪ್ರಶಸ್ತಿಗೆ ಅರ್ಜಿ ಹಾಕಿಲ್ಲ. ಹಾಕು ಅಂತ ನಾನು ಒತ್ತಾಯ ಮಾಡೋದನ್ನು ಬಿಟ್ಟಿದ್ದೀನಿ. ಆದರೆ ಹೋದ ತಿಂಗಳು ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಸಿಆರ್‌ಪಿ ಅವಳಿಂದ ಆ ಎರಡು ಪುಟ ಓದಿಸಿದರಂತೆ. ಊಟದ ಹೊತ್ತಿಗೆ ಪಕ್ಕದೂರಿನ ಟೀಚರ್ ಒಬ್ಬರು ಬಂದು, ತಮ್ಮ ಮಕ್ಕಳು ಹೆಣ್ಣುಮಕ್ಕಳ ಬೀಸೋ ಕಲ್ಲಿನ ಪದಗಳನ್ನು ಸಂಗ್ರಹ ಮಾಡಿದ್ದಾರೆ, ಇದಕ್ಕೂ ಏನಾದರೂ ಸಿಗಬಹುದಾ ಅಂತ ಕೇಳಿದರು. ಅಕ್ಕ ಅವರನ್ನು ಕೂರಿಸಿಕೊಂಡು ಕೇಳಿದ್ದಾಳೆ: ಮೊದಲು ಏನಿತ್ತು, ನೀವು ಏನು ಮಾಡಿದ್ರಿ, ಆಮೇಲೆ ಏನಾಯ್ತು, ನಿಮಗ ಹೆಂಗ ಗೊತ್ತು?

ನಿನ್ನೆ ರಾತ್ರಿ ಅವಳ ಕೈಬರಹದ ನಾಲ್ಕು ಪುಟದ ಫೋಟೋ ನನ್ನ ಫೋನಿಗೆ ಬಂತು. ಕೆಳಗೆ ಒಂದು ಮೆಸೇಜು: "ಕಲಿ-ಕಲಿಸುಗ ಕಳಸೂದೈತಿ. ಟೈಪ್ ಮಾಡಿ ಪಿಡಿಎಫ್ ಮಾಡು. 2 ಎಂಬಿ ಒಳಗ ಇರ್ಲಿ."